ರಾಯನ ಕುಲಾವಿ

ಶ್ರೀಕೃಷ್ಣದೇವರಾಯನೆಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಒಂದು ಕಿರೀಟ. ನಾಟಕ ಕಂಪನಿಗಳ ಪರದೆ, ಗೋಡೆಗೆ ತೂಗುಹಾಕುವ ಕ್ಯಾಲೆಂಡರು, ಮಕ್ಕಳ ಪಠ್ಯಪುಸ್ತಕದ ರೇಖಾಚಿತ್ರ ಎಲ್ಲವೂ ಒಟ್ಟುಗೂಡಿ ಆ ಮಹಾರಾಯನ ತಲೆಯ ಮೇಲೆ ಬಣ್ಣದ ಗಾಜು ಹೊಳೆಯುವ, ಮೂರು ಕೋಡುಗಳ ಕಿರೀಟವೊಂದನ್ನು ಇರಿಸಿಬಿಟ್ಟಿವೆ. ಹಂಪೆಯ ನೆರಳಿನಲ್ಲೇ ಬೆಳೆದ ನಾವು ಕೂಡ ಅದನ್ನು ಸಂದೇಹಿಸಿದವರಲ್ಲ. ಆದರೆ ರಾಯನನ್ನು ಹತ್ತು ಹೆಜ್ಜೆಯ ದೂರದಲ್ಲಿ ನಿಂತು ನೋಡಿದವರು ಬರೆದಿಟ್ಟ ಬರಹಗಳಲ್ಲಾಗಲಿ, ಆತನ ಕಾಲದ ಲೋಹದ ಪ್ರತಿಮೆಯಲ್ಲಾಗಲಿ ಆ ಕಿರೀಟವಿಲ್ಲ. ಅಲ್ಲಿರುವುದು ಒಂದು ಟೊಪ್ಪಿಗೆ; ಜರತಾರಿಯ ಬಟ್ಟೆಯಿಂದ ಹೊಲಿದ, ಮೇಲಕ್ಕೆ ಎದ್ದು ನಿಂತ, ಎತ್ತರವಾದ ಟೊಪ್ಪಿಗೆ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳು ರಾಯನನ್ನು ಕುರಿತು ಒಂದು ಕಿರುನಾಟಕವನ್ನು ಆಡಲು ಹೊರಟಾಗ ಈ ಟೊಪ್ಪಿಗೆಯ ಮಾತು ಎದ್ದಿತು. ಬಾಡಿಗೆಗೆ ತಂದ ಕಿರೀಟ ಸಿದ್ಧವಾಗಿತ್ತು. ನಾನು ಟೊಪ್ಪಿಗೆಯನ್ನೇ ಹಾಕಿಸಬೇಕೆಂದು ಹಠ ಹಿಡಿದೆ. ಹಿರಿಯರೊಬ್ಬರಿಗೆ ಅದು ಸರಿಬೀಳಲಿಲ್ಲ. ಹಿಂದೂ ಸಾಮ್ರಾಜ್ಯದ ಚಕ್ರವರ್ತಿಯ ತಲೆಗೆ ಪಾರಸಿಕರ ಟೊಪ್ಪಿಗೆಯನ್ನು ಏರಿಸುವುದು ಅವಮಾನವೆಂದು ಅವರು ಬಗೆದರು. ಚರ್ಚೆ ನಡೆಯುತ್ತಿದ್ದಾಗ, ತೋರಣಗಲ್ಲಿನ ಪಕ್ಕದ ವಡ್ಡು ಗ್ರಾಮದಿಂದ ಬರುತ್ತಿದ್ದ ಲಂಬಾಣಿ ವಿದ್ಯಾರ್ಥಿನಿಯೊಬ್ಬಳು ಮೆಲ್ಲನೆ ಎದ್ದು, ಟೊಪ್ಪಿಗೆ ಎಷ್ಟು ಎತ್ತರವಿರಬೇಕು, ಅದರ ಮೇಲೆ ಯಾವ ಹೂವಿನ ಕೆಲಸ ಬೇಕು, ತನ್ನ ತಾಯಿ ಹೊಲಿದುಕೊಡುವಳು ಎಂದಳು. ಎತ್ತರವನ್ನು ಹೇಳಬಲ್ಲೆನಾಗಿದ್ದೆ, ಹೂವಿನ ಮಾತಿಗೆ ತಡವರಿಸಿದೆ. ಅಂದಿನಿಂದ ರಾಯನ ಚರಿತ್ರೆಯನ್ನು ಓದುವಾಗಲೆಲ್ಲ ಆತನ ಯುದ್ಧಗಳಿಗಿಂತ ಹೆಚ್ಚಾಗಿ ಆತನ ಉಡುಗೆಯೇ ನನ್ನ ಗಮನವನ್ನು ಸೆಳೆದಿದೆ. ಆ ಉಡುಗೆಯ ಜಾಡನ್ನು ಹಿಡಿದು ಅವನ ಬಾಳಿನ ಕಥೆಯನ್ನು ಹೇಳಿದರೆ ಹೇಗಾದೀತೆಂಬುದೇ ಈ ಲೇಖನದ ಪ್ರಯತ್ನ.

ತುಳುವ ವಂಶದ ನರಸನಾಯಕನಿಗೆ ನಾಗಲೆಯಲ್ಲಿ ಹುಟ್ಟಿದವನು ಕೃಷ್ಣರಾಯ. ತಂದೆ ಸಾಳುವ ಅರಸರ ದಂಡನಾಯಕನಾಗಿದ್ದು ರಾಜ್ಯದ ಸೂತ್ರಗಳನ್ನೆಲ್ಲ ಕೈಯಲ್ಲಿ ಹಿಡಿದಿದ್ದವನು. ಅವನ ತರುವಾಯ ಹಿರಿಯ ಮಗ ವೀರನರಸಿಂಹ ಸಿಂಹಾಸನವನ್ನೇರಿದನು. ಮಲತಮ್ಮನ ಮೇಲೆ ಆ ಅಣ್ಣನಿಗೆ ಅಂಥ ವಿಶ್ವಾಸವಿದ್ದಂತಿಲ್ಲ. ಮರಣಶಯ್ಯೆಯಲ್ಲಿದ್ದ ವೀರನರಸಿಂಹನು ತನ್ನ ಎಂಟು ವರ್ಷದ ಮಗನಿಗೆ ರಾಜ್ಯ ಉಳಿಯಲೆಂದು ತಮ್ಮನ ಕಣ್ಣುಗಳನ್ನು ಕೀಳಿಸಲು ಆಜ್ಞಾಪಿಸಿದನೆಂದೂ, ಮಂತ್ರಿ ಸಾಳುವ ತಿಮ್ಮರಸನು ಆಡಿನ ಕಣ್ಣುಗಳನ್ನು ತಂದು ತೋರಿಸಿ ರಾಜಕುಮಾರನನ್ನು ಉಳಿಸಿದನೆಂದೂ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಒಂದು ಕಥೆಯನ್ನು ಬರೆದಿದ್ದಾನೆ. ಅವನು ವಿಜಯನಗರಕ್ಕೆ ಬಂದದ್ದು ರಾಯನು ತೀರಿಕೊಂಡ ಕೆಲವು ವರ್ಷಗಳ ಮೇಲೆ, ಕೇಳಿದ್ದನ್ನು ಬರೆದವನು. ಕಥೆ ನಿಜವಿರಲಿ ಬಿಡಲಿ, ಆ ಕಣ್ಣುಗಳ ಪ್ರಸಂಗ ರಾಯನ ಬಾಳಿನ ಕೊನೆಗೆ ಮತ್ತೊಮ್ಮೆ ಬರಲಿದೆ.

ಕೃಷ್ಣರಾಯನು ಪಟ್ಟವನ್ನೇರಿದ್ದು 1509ರಲ್ಲಿ. ಮರುವರ್ಷದ ಶಾಸನವೊಂದು ಹಂಪೆಯ ವಿರೂಪಾಕ್ಷ ದೇವಾಲಯದ ಅಂಗಳದಲ್ಲಿ ಇಂದಿಗೂ ನಿಂತಿದೆ. ಪಟ್ಟಾಭಿಷೇಕದ ನೆನಪಿಗಾಗಿ ಅರಸನು ದೇವರ ಮುಂದೆ ರಂಗಮಂಟಪವನ್ನೂ ಅದರ ಮುಂದಣ ಗೋಪುರವನ್ನೂ ಕಟ್ಟಿಸಿದ ಸಂಗತಿ ಅದರಿಂದ ತಿಳಿಯುತ್ತದೆ. ಹೊಸ ಅರಸನು ಮೊದಲು ಕೆಲಸಕ್ಕೆ ಕರೆದದ್ದು ಕಲ್ಲುಕುಟಿಗರನ್ನು ಎಂಬುದು ಗಮನಿಸತಕ್ಕ ವಿಷಯ. ಆ ಮಂಟಪದ ಕಂಬಗಳಲ್ಲಿ ಯಾಳಿಗಳ ಮೇಲೆ ಕುಳಿತ ಸವಾರರಿದ್ದಾರೆ. ಅವರ ಸೊಂಟದ ಪಟ್ಟಿ, ತೋಳಿನ ಬಳೆ, ಉಟ್ಟ ಬಟ್ಟೆಯ ಮಡಿಕೆಗಳನ್ನು ಶಿಲ್ಪಿಯು ಎಷ್ಟು ಮುತುವರ್ಜಿಯಿಂದ ಕೆತ್ತಿದ್ದಾನೆಂಬುದನ್ನು ಹತ್ತಿರ ಹೋಗಿ ನೋಡಬೇಕು.

ಇಲ್ಲಿ ನಮ್ಮ ನಾಡಿನ ಹಳೆಯ ಅರಸರ ಉಡುಗೆಯನ್ನು ನೆನೆಯಬೇಕಾಗಿದೆ. ಚಾಲುಕ್ಯ, ಹೊಯ್ಸಳರ ಕಾಲದ ಶಿಲ್ಪಗಳಲ್ಲಿ ಅರಸನ ಮೈಮೇಲೆ ಒಡವೆಗಳೇ ಹೆಚ್ಚು, ಬಟ್ಟೆ ಕಡಿಮೆ. ಸೊಂಟಕ್ಕೆ ಉಟ್ಟ ಧೋತ್ರ, ಎದೆಯ ಮೇಲೆ ಹಾರ, ಹೆಗಲ ಮೇಲೆ ಉತ್ತರೀಯ. ಮಗ್ಗದಿಂದ ಇಳಿದ ಬಟ್ಟೆಯು ಕತ್ತರಿಯ ಬಾಯಿಗೆ ಬೀಳದೆ ನೇರವಾಗಿ ಮೈಯೇರುತ್ತಿತ್ತು. ವಿಜಯನಗರದ ಆಸ್ಥಾನದಲ್ಲಿ ಈ ಕ್ರಮ ಬದಲಾಯಿತು. ಅಲ್ಲಿನ ಅರಸನೂ ಸಾಮಂತನೂ ಸಭೆಗೆ ಬರುವಾಗ ತೊಡುತ್ತಿದ್ದುದು ತುಂಬುತೋಳಿನ, ಮುಂದೆ ತೆರೆದ, ಕಾಲಿನವರೆಗೆ ಇಳಿಬಿದ್ದ ಹೊಲಿದ ನಿಲುವಂಗಿ. ಅದಕ್ಕೆ ಕಬಾಯಿ ಎಂದು ಹೆಸರು. ತಲೆಗೆ ಎತ್ತರವಾದ ಟೊಪ್ಪಿಗೆ, ಅದೇ ಕುಲ್ಲಾಯಿ. ಮೊದಲನೆಯ ಮಾತು ಅರಬ್ಬಿಯ ಕಬಾ ಎಂಬುದರಿಂದ ಬಂದದ್ದು, ಎರಡನೆಯದು ಪಾರಸಿಯ ಕುಲಾಹ್ ಎಂಬುದರಿಂದ. ಮಾತು ಮಾತ್ರವಲ್ಲ, ಉಡುಗೆಯೂ ಆ ಕಡೆಯದೇ.

ಇದನ್ನು ಕೃಷ್ಣರಾಯನೇ ತಂದನೆಂದು ಯಾರೂ ತಿಳಿಯಬಾರದು. 1443ರಲ್ಲಿ ಪಾರಸಿಕ ದೇಶದ ರಾಯಭಾರಿ ಅಬ್ದುರ್ ರಜಾಕನು ಕಂಡ ಇಮ್ಮಡಿ ದೇವರಾಯನು ಸ್ಯಾಟಿನ್ ಬಟ್ಟೆಯ ನಿಲುವಂಗಿಯನ್ನು ತೊಟ್ಟು ಕೊರಳಿಗೆ ಮುತ್ತಿನ ಪಟ್ಟಿಯನ್ನು ಧರಿಸಿದ್ದನು. ಕನ್ನಡದ ಅರಸನ ಸಭೆಗೆ ಹೋಗಲು ತಾನೂ ಕುಲ್ಲಾಯಿಯನ್ನು ಇಟ್ಟು ಉದ್ದನೆಯ ಅಂಗಿಯನ್ನು ತೊಡಬೇಕಾಗಿ ಬಂತಲ್ಲಾ ಎಂದು ತೆಲುಗಿನ ಮಹಾಕವಿ ಶ್ರೀನಾಥನು ಗೊಣಗಿದನೆಂದು ಹೇಳುವ ಚಾಟುಪದ್ಯವೊಂದು ಪ್ರಸಿದ್ಧವಾಗಿದೆ. ಆಂಧ್ರದ ಕವಿಗೆ ಬಿಗಿಯಾದ ಆ ಟೊಪ್ಪಿಗೆ ಕನ್ನಡಿಗರ ಗುರುತಾಗಿ ಕಂಡಿತ್ತೆಂಬುದು ಸೋಜಿಗ. ಇನ್ನೂ ಹಿಂದಕ್ಕೆ ಹೋದರೆ, ಮೊದಲನೆಯ ಬುಕ್ಕನ ಕಾಲದ ಶಾಸನಗಳಲ್ಲೇ ಹಿಂದೂರಾಯ ಸುರತ್ರಾಣನೆಂಬ ಬಿರುದು ಕಾಣಿಸುತ್ತದೆ. ಹಿಂದೂ ಅರಸರ ನಡುವಿನ ಸುಲ್ತಾನನೆಂದು ತನ್ನನ್ನು ಹೆಮ್ಮೆಯಿಂದ ಕರೆದುಕೊಂಡ ಮನೆತನ ಸುಲ್ತಾನರ ಅಂಗಿಯನ್ನು ತೊಡಲು ಏಕೆ ಹಿಂಜರಿದೀತು? ಆ ಕಾಲದಲ್ಲಿ ಅರಬಸ್ಥಾನದಿಂದ ಚೀನದವರೆಗೆ ಹಡಗುಗಳಲ್ಲಿ ಓಡಾಡುವವರೆಲ್ಲರಿಗೂ ಅರ್ಥವಾಗುತ್ತಿದ್ದ ರಾಜಯೋಗ್ಯವಾದ ಉಡುಗೆ ಅದು. ಅದನ್ನು ತೊಟ್ಟ ಅರಸನು ತನ್ನ ಧರ್ಮವನ್ನು ಬಿಟ್ಟವನಲ್ಲ; ತನ್ನ ಮನೆಯ ಬಾಗಿಲನ್ನು ತೆರೆದಿಟ್ಟವನು.

ಕನ್ನಡವನ್ನು ಕಲಿಸುವವನಿಗೆ ಇನ್ನೊಂದು ಸಂತೋಷವೂ ಇಲ್ಲುಂಟು. ನಮ್ಮ ಕಡೆಯ ಹಳ್ಳಿಗಳಲ್ಲಿ ಹಸುಗೂಸಿನ ತಲೆಗೆ ಕಟ್ಟುವ ಟೊಪ್ಪಿಗೆಯನ್ನು ಕುಲಾವಿ ಎಂದೇ ಅಜ್ಜಿಯರು ಕರೆಯುತ್ತಾರೆ. ರಾಯನ ತಲೆಯಿಂದ ಇಳಿದ ಶಬ್ದ ತೊಟ್ಟಿಲ ಕೂಸಿನ ತಲೆಯ ಮೇಲೆ ಬದುಕಿಕೊಂಡಿದೆ.

ಇನ್ನು ರಾಯನನ್ನು ನೋಡೋಣ. ನಮ್ಮ ಭಾಗ್ಯಕ್ಕೆ 1520ರ ಸುಮಾರಿಗೆ ಡೊಮಿಂಗೊ ಪೇಸ್ ಎಂಬ ಪೋರ್ಚುಗೀಸನು ಕ್ರಿಸ್ಟೋವಾವ್ ದ ಫಿಗೆರೆಡೊ ಎಂಬುವನ ಜೊತೆಯಲ್ಲಿ ಗೋವೆಯಿಂದ ಬಂದು ಅವನನ್ನು ಕಣ್ಣಾರೆ ಕಂಡನು. ಪೇಸ್, ನ್ಯೂನಿಜರ ಬರಹಗಳು ಮೂರೂವರೆ ಶತಮಾನಕ್ಕೂ ಮಿಗಿಲಾಗಿ ಯಾರ ಕಣ್ಣಿಗೂ ಬೀಳದೆ ಉಳಿದು, 1900ರಲ್ಲಿ ರಾಬರ್ಟ್ ಸೂವೆಲ್ಲನ ಗ್ರಂಥದ ಮೂಲಕ ಇಂಗ್ಲಿಷಿಗೆ ಬಂದವು. ಪೇಸನು ಚಿತ್ರಿಸುವ ರಾಯನು ನಾಟಕದ ರಾಯನಲ್ಲ. ನಡು ಎತ್ತರದ, ಗೌರವರ್ಣದ, ಸ್ವಲ್ಪ ತುಂಬಿಕೊಂಡ ಮೈಯ ಮನುಷ್ಯ. ಮುಖದ ಮೇಲೆ ಸಿಡುಬಿನ ಕಲೆಗಳು. ಹಸನ್ಮುಖಿ; ಪರದೇಶಿಗಳನ್ನು ಆದರಿಸಿ ಅವರ ಯೋಗಕ್ಷೇಮವನ್ನು ವಿಚಾರಿಸುವವನು; ಆದರೆ ಒಮ್ಮೊಮ್ಮೆ ತಟಕ್ಕನೆ ಸಿಟ್ಟಿಗೇಳುವವನು. ಅವನು ತೊಟ್ಟದ್ದು ಬಿಳಿಯ ಬಟ್ಟೆ. ಅದರ ಮೈತುಂಬ ಚಿನ್ನದ ದಾರದಲ್ಲಿ ತುಂಬಿದ ಗುಲಾಬಿ ಹೂಗಳು. ಕೊರಳಲ್ಲಿ ಬೆಲೆಬಾಳುವ ವಜ್ರದ ಪದಕ. ತಲೆಯ ಮೇಲೆ ಜರತಾರಿಯ ಟೊಪ್ಪಿಗೆ. ಪೇಸನಿಗೆ ಅದು ಗಲೀಸಿಯದ ಶಿರಸ್ತ್ರಾಣದಂತೆ ಕಂಡಿತು. ಟೊಪ್ಪಿಗೆಯ ಮೇಲೆ ತೆಳುವಾದ ರೇಷ್ಮೆಯ ವಸ್ತ್ರದ ಹೊದಿಕೆ. ಕಾಲುಗಳು ಮಾತ್ರ ಬರಿಯವು. ಅರಸನಿರುವ ಕಡೆಗೆ ಕೆರ ಮೆಟ್ಟಿ ಯಾರೂ ಹೋಗುವಂತಿರಲಿಲ್ಲ. ಅರಸನೂ ಆ ನಿಯಮಕ್ಕೆ ಹೊರತಾಗಿರಲಿಲ್ಲ.

ಬಿಳಿಯ ಬಟ್ಟೆ, ಬಂಗಾರದ ಗುಲಾಬಿ: ಇದು ಒಂದು ದಿನದ ಮಾತಲ್ಲ. ತಾನು ನೋಡಿದಾಗಲೆಲ್ಲ ಅರಸನು ಹೀಗೆಯೇ ಉಟ್ಟಿದ್ದನೆಂದು ಪೇಸ್ ಸ್ಪಷ್ಟವಾಗಿ ಬರೆಯುತ್ತಾನೆ. ಲೋಕದ ಬಣ್ಣಗಳೆಲ್ಲ ಕೈಗೆಟಕುವಲ್ಲಿದ್ದ ಒಬ್ಬ ಚಕ್ರವರ್ತಿಯು ಬಿಳಿಯನ್ನೇ ಆರಿಸಿಕೊಂಡು ಅದನ್ನೇ ತನ್ನ ಗುರುತನ್ನಾಗಿ ಮಾಡಿಕೊಂಡಿದ್ದನು. ಇಂದಿನ ಯುವಕರು ಸ್ಟೈಲ್ ಎಂದು ಕರೆಯುವುದು ಇದಕ್ಕಿಂತ ಬೇರೆಯೇನೂ ಅಲ್ಲವೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಗುಲಾಬಿಯೇ ಏಕೆ? ದೇವರಾಯನ ಕಾಲದ ವಿಜಯನಗರದಲ್ಲಿ ಗುಲಾಬಿಯ ಅಂಗಡಿಗಳಿಲ್ಲದ ಎಡೆಯೇ ಇಲ್ಲವೆಂದೂ, ಅಲ್ಲಿನ ಜನರಿಗೆ ಅನ್ನದಷ್ಟೇ ಅಗತ್ಯ ಗುಲಾಬಿಯೆಂದೂ ಅಬ್ದುರ್ ರಜಾಕನು ಬರೆದಿದ್ದಾನೆ. ಬೀದಿಯಲ್ಲಿ ಬುಟ್ಟಿಬುಟ್ಟಿಯಾಗಿ ಬಿಕರಿಯಾಗುತ್ತಿದ್ದ ಹೂವೇ ಅರಸನ ಅಂಗಿಯ ಮೇಲೂ ಅರಳಿತೆಂದು ಊಹಿಸಲು ಅಡ್ಡಿಯಿಲ್ಲ. ವಡ್ಡಿನ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿತ್ತು. ನನಗೆ ಅದು ದೊರೆತಾಗ ನಾಟಕ ಮುಗಿದು ಎರಡು ತಿಂಗಳಾಗಿತ್ತು.

ಈ ಹೂವುಗಳನ್ನು ತುಂಬಿದ ಕೈ ಯಾರದು? ಅವರ ಹೆಸರುಗಳನ್ನು ಯಾವ ಶಾಸನವೂ ಹೇಳುವುದಿಲ್ಲ. ಆದರೆ ಅವರ ಕೆಲಸದ ಕಷ್ಟವನ್ನು ಬಲ್ಲವರು ಇಂದಿಗೂ ಇದ್ದಾರೆ. ಚಿನ್ನದ ನೀರು ಕುಡಿಸಿದ ಬೆಳ್ಳಿಯ ತಂತಿಯನ್ನು ಕೂದಲೆಳೆಯಷ್ಟು ಸಪುರವಾಗಿ ಎಳೆದು, ಚಪ್ಪಟೆಯಾಗಿಸಿ, ರೇಷ್ಮೆಯ ನೂಲಿನ ಸುತ್ತ ಹೊಸೆದರೆ ಜರಿಯಾಗುತ್ತದೆ. ಅದನ್ನು ಮಗ್ಗದಲ್ಲಿ ಹಾಸು ಹೊಕ್ಕುಗಳ ಜೊತೆ ನೇಯ್ದರೆ ಜರತಾರಿ. ನೇಯ್ದ ಬಟ್ಟೆಯ ಮೇಲೆ ಸೂಜಿಯಿಂದ ತುಂಬಿದರೆ ಕಸೂತಿ. ಕಬಾಯಿಗೆ ಇಷ್ಟು ಸಾಲದು; ಕತ್ತರಿಸುವವನೂ ಹೊಲಿಯುವವನೂ ಬೇಕು. ರಾಯನ ಒಂದು ಅಂಗಿಯ ಹಿಂದೆ ನೂಲುವವಳು, ಬಣ್ಣಗಾರ, ನೇಕಾರ, ತಂತಿ ಎಳೆಯುವ ಅಕ್ಕಸಾಲಿಗ, ದರ್ಜಿ, ಕಸೂತಿಗಾರ ಎಂದು ಒಂದು ಓಣಿಯೇ ನಿಂತಿರುತ್ತದೆ. ವಿಜಯನಗರದ ಅರಸರು ಇವರನ್ನು ಮರೆಯಲಿಲ್ಲ. ಮಗ್ಗಕ್ಕೆ ತೆರಿಗೆಯನ್ನು ಹಾಕಿದ್ದರೆಂಬುದು ನಿಜ. ಜೊತೆಗೆ ತಮಿಳುನಾಡಿನ ಕೈಕೋಳ ನೇಕಾರರಿಗೆ ಪಲ್ಲಕ್ಕಿಯಲ್ಲಿ ಕೂರುವ, ಶಂಖ ಊದಿಸಿಕೊಳ್ಳುವ ಮರ್ಯಾದೆ ದೊರೆತದ್ದೂ ಈ ಸಾಮ್ರಾಜ್ಯದ ಕಾಲದಲ್ಲಿಯೇ. ದೇವಾಲಯದ ಸುತ್ತಣ ಬೀದಿಗಳಲ್ಲಿ ನೇಕಾರರ ಮನೆಗಳಿದ್ದವು. ದೇವರಿಗೂ ದೊರೆಗೂ ಬಟ್ಟೆ ಒಂದೇ ಓಣಿಯಿಂದ ಬರುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಂಡೂರಿನ ಲಂಬಾಣಿ ಕಸೂತಿಯನ್ನು ಕಂಡವರು ಅದನ್ನು ವಿಜಯನಗರದ ವೈಭವದ ಕುಡಿಯೆಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಲಂಬಾಣಿಗರು ಹೇರೆತ್ತುಗಳ ಸಾಲುಗಳೊಡನೆ ಬಡಗಣಿಂದ ದಕ್ಷಿಣಕ್ಕೆ ಹೆಚ್ಚಿನ ಸಂಖ್ಯೆಯಲ್ಲಿ ಇಳಿದದ್ದು ಮೊಗಲರ ದಂಡಯಾತ್ರೆಗಳ ಕಾಲದಲ್ಲಿ. ಅವರ ಕನ್ನಡಿ, ಕವಡೆ, ನಾಣ್ಯಗಳ ಕೆಲಸ ಅವರದೇ. 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದ ಆ ಕಲೆಗೆ ರಾಯನ ಹೆಸರಿನ ಹಂಗೇನೂ ಬೇಕಿಲ್ಲ. ಆದರೆ ನಮ್ಮ ನಾಟಕದ ರಾಯನ ತಲೆಗೆ ಕೊನೆಗೂ ಏರಿದ ಟೊಪ್ಪಿಗೆಯಲ್ಲಿ ಗುಲಾಬಿಯ ಬದಲು ಚಿಕ್ಕ ಚಿಕ್ಕ ಕನ್ನಡಿಗಳಿದ್ದವು. ಹೊರಗಿನಿಂದ ಬಂದದ್ದನ್ನು ತೊಟ್ಟು ಮೆರೆದ ಅರಸನಿಗೆ ಅದರಿಂದ ಬೇಸರವಾಗುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಈ ಉಡುಗೆಯ ಒಳಗಿದ್ದ ಮೈಯೂ ದಿನದಿನವೂ ಹುರಿಗೊಳಿಸಿದ ಮೈ. ಬೆಳಕು ಹರಿಯುವ ಮೊದಲೇ ಎದ್ದು ರಾಯನು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಎಣ್ಣೆಯನ್ನು ಪೂಸಿ, ಬರಿಯ ಲಂಗೋಟಿಯಲ್ಲಿ ಭಾರವಾದ ಗುಂಡುಗಳನ್ನು ಎತ್ತಿ, ಕತ್ತಿವರಿಸೆಯನ್ನು ಮಾಡಿ, ಮೈಯ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ದುಡಿಯುತ್ತಿದ್ದನು. ಆ ಮೇಲೆ ಮಲ್ಲನೊಬ್ಬನೊಡನೆ ಕುಸ್ತಿ. ಅನಂತರ ಕುದುರೆಯೇರಿ ಬಯಲಿನಲ್ಲಿ ಸವಾರಿ. ಬಳಿಕ ಬ್ರಾಹ್ಮಣನೊಬ್ಬನು ಅವನನ್ನು ಮೀಯಿಸುವನು. ಮಿಂದು ದೇವರ ಪೂಜೆ. ಇಷ್ಟೆಲ್ಲ ಮುಗಿದ ಮೇಲೆಯೇ ರಾಜಕಾರ್ಯ. ಹೊತ್ತಾರೆಯ ಲಂಗೋಟಿಯಿಂದ ಓಲಗದ ಗುಲಾಬಿಯ ಅಂಗಿಯವರೆಗಿನ ಈ ದಾರಿಯನ್ನು ಅವನು ದಿನವೂ ನಡೆಯುತ್ತಿದ್ದನು.

ಮಹಾನವಮಿಯ ಒಂಬತ್ತು ದಿನಗಳಂತೂ ಇಡಿಯ ನಗರವೇ ಬಟ್ಟೆ ಒಡವೆಗಳಲ್ಲಿ ಮುಳುಗುತ್ತಿತ್ತು. ಇಂದು ನಾವು ಬಿಸಿಲಿನಲ್ಲಿ ಹತ್ತಿ ಇಳಿಯುವ ಬೋಳು ಕಲ್ಲಿನ ದಿಬ್ಬವನ್ನು ಅಂದು ಬೆಲೆಬಾಳುವ ವಸ್ತ್ರಗಳಿಂದ ಮುಚ್ಚಿದ್ದರು. ಅದರ ಬುಡದ ಉಬ್ಬುಚಿತ್ರಗಳಲ್ಲಿ ಕುದುರೆಗಳನ್ನು ಹಿಡಿದು ತರುವ ಗಡ್ಡದ ಪರದೇಶಿಗಳನ್ನು ಈಗಲೂ ಕಾಣಬಹುದು. ರಾಣಿವಾಸದ ಹೆಂಗಸರು ಸಾಲಾಗಿ ಬರುವಾಗ ಅವರ ತಲೆಯ ಮೇಲೂ ಎತ್ತರದ ಕುಲ್ಲಾಯಿಗಳಿದ್ದವು. ಅವುಗಳ ಮೇಲೆ ದಪ್ಪ ಮುತ್ತುಗಳಿಂದ ಮಾಡಿದ ಹೂಗಳು. ಮೈಮೇಲಿನ ಚಿನ್ನದ ಭಾರವನ್ನು ತಾಳಲಾರದ ಕೆಲವರನ್ನು ಪಕ್ಕದವರು ತೋಳು ಹಿಡಿದು ನಡೆಸುತ್ತಿದ್ದರೆಂದು ಪೇಸ್ ಹೇಳುತ್ತಾನೆ. ಇಂಥ ವೈಭವವನ್ನು ಓದುವಾಗ ಕೊಂಚ ಬಿಗುಮಾನವೂ ಬೇಕು. ಆ ಚಿನ್ನ ಎಲ್ಲಿಂದ ಬಂತು, ಯಾವ ರೈತನ ಹೊಲದ ಕಂದಾಯ ಅದರಲ್ಲಿ ಸೇರಿತ್ತು ಎಂಬ ಪ್ರಶ್ನೆಯನ್ನು ಪೇಸ್ ಕೇಳಲಿಲ್ಲ, ನಾವು ಕೇಳಬಹುದು. ಹಬ್ಬದ ಬಳಿಕ ನಡೆದ ಸೇನೆಯ ಮೆರವಣಿಗೆಯಲ್ಲಿ ಮಖಮಲ್ಲು, ಡಮಾಸ್ಕು, ಸ್ಯಾಟಿನ್ನುಗಳ ಹತ್ತಿ ತುಂಬಿದ ಅಂಗಿಗಳನ್ನು ತೊಟ್ಟ ಸೈನಿಕರ ಬಣ್ಣಗಳನ್ನು ನೋಡಿ ತಾನು ಕನಸನ್ನು ಕಾಣುತ್ತಿದ್ದೇನೋ ಎಂದು ಅವನಿಗೆ ಭ್ರಮೆಯಾಯಿತು. ಆ ಬಣ್ಣಗಳ ಕಡಲಿನ ನಡುವೆ ಅರಸನು ಬಿಳಿಯಲ್ಲಿಯೇ ಇದ್ದನು. ಹೊಸ ವರ್ಷದ ದಿನ ಸಕಲರೂ ಹೊಸ ಬಟ್ಟೆಯನ್ನು ಉಡುತ್ತಿದ್ದರು; ನಾಯಕರು ತಮ್ಮ ತಮ್ಮ ಆಳುಗಳಿಗೆ ಬಗೆಬಗೆಯ ಬಣ್ಣದ ಬಟ್ಟೆಗಳನ್ನು ಹಂಚುತ್ತಿದ್ದರು, ಪ್ರತಿಯೊಬ್ಬ ನಾಯಕನದೂ ಒಂದೊಂದು ಬಣ್ಣ.

ಯುದ್ಧಗಳ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಅವು ಎಲ್ಲರಿಗೂ ತಿಳಿದವೇ. 1514ರಲ್ಲಿ ಉದಯಗಿರಿ, 1515ರಲ್ಲಿ ಕೊಂಡವೀಡು ಕೈವಶವಾದವು. ಗಜಪತಿಯ ನಾಡನ್ನು ಸಿಂಹಾಚಲದವರೆಗೂ ತುಳಿದು ಕೊನೆಗೆ ಸಂಧಿಯಾಯಿತು. 1520ರಲ್ಲಿ ರಾಯಚೂರಿನ ಬಳಿ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೆ ಸೋಲಾಯಿತು. ಉದಯಗಿರಿಯಿಂದ ರಾಯನು ತಂದದ್ದರಲ್ಲಿ ನಮಗೆ ಮುಖ್ಯವಾದದ್ದು ಬಾಲಕೃಷ್ಣನ ವಿಗ್ರಹ. ಅದಕ್ಕಾಗಿ 1515ರಲ್ಲಿ ಹಂಪೆಯ ಕೃಷ್ಣ ದೇವಾಲಯದ ಪ್ರತಿಷ್ಠೆಯಾಯಿತು. ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರು ವಿಠ್ಠಲ ದೇವಾಲಯಕ್ಕೆ ಗೋಪುರಗಳನ್ನು ಕಟ್ಟಿಸಿದರು. ತಾಯಿಯ ಹೆಸರಿನ ನಾಗಲಾಪುರವೇ ಇಂದಿನ ನಮ್ಮ ಹೊಸಪೇಟೆ. ಆ ಊರಿನ ಬಳಿ ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆಯನ್ನು ಕಟ್ಟಿಸುವಾಗ ರಾಯನು ಪೋರ್ಚುಗೀಸ್ ಕಲ್ಲುಗಾರ ಜೊವಾವ್ ದ ಲಾ ಪೊಂತೆಯ ನೆರವನ್ನೂ ಪಡೆದನು. ಕೈಯಲ್ಲಿ ಕಸುಬುಳ್ಳವನು ಯಾವ ದೇಶದವನಾದರೇನು ಎಂಬುದೇ ಅವನ ಮತವಾಗಿದ್ದಿತೆಂದು ತೋರುತ್ತದೆ.

ಬಟ್ಟೆ ಅವನಿಗೆ ಅಲಂಕಾರ ಮಾತ್ರವಾಗಿರದೆ ಒಂದು ಭಾಷೆಯೂ ಆಗಿದ್ದಿತು. ಫಿಗೆರೆಡೊ ತಂದ ಆರ್ಗನ್ ವಾದ್ಯಗಳನ್ನೂ ಇತರ ಕಾಣಿಕೆಗಳನ್ನೂ ಕಂಡು ಹಿಗ್ಗಿದ ಅರಸನು ಅವನಿಗೆ ಜರತಾರಿಯ ಕಬಾಯಿಯನ್ನೂ ತಾನು ಧರಿಸುವಂಥದೇ ಟೊಪ್ಪಿಗೆಯನ್ನೂ ಕೊಟ್ಟನು. ಜೊತೆಯಲ್ಲಿದ್ದ ಪೋರ್ಚುಗೀಸರಿಗೆ ಒಬ್ಬೊಬ್ಬರಿಗೂ ಚೆಂದದ ಆಕೃತಿಗಳ ಕಸೂತಿಯ ಬಟ್ಟೆಯನ್ನು ಕೊಟ್ಟನು. ಸ್ನೇಹದ ಗುರುತಾಗಿ ಬಟ್ಟೆಯನ್ನು ಕೊಡುವುದು ಅಲ್ಲಿನ ಪದ್ಧತಿಯೆಂದು ಪೇಸ್ ತಿಳಿದುಕೊಂಡನು. ಇಂದು ನಮ್ಮ ಸಭೆಗಳಲ್ಲಿ ಶಾಲನ್ನು ಹೊದಿಸುವ ವಾಡಿಕೆ ಎಷ್ಟು ಸವೆದುಹೋಗಿದೆಯೆಂಬುದು ಬೇರೆ ಮಾತು. ಆದರೆ ತನ್ನ ತಲೆಯ ಮೇಲಿನಂಥದನ್ನೇ ಇನ್ನೊಬ್ಬನ ತಲೆಗೆ ಕೊಡುವುದರಲ್ಲಿ ಒಂದು ಆಪ್ತತೆಯಿದೆ. ಅಲ್ಲಸಾನಿ ಪೆದ್ದನನ ಕಾಲಿಗೆ ರಾಯನು ತನ್ನ ಕೈಯಾರೆ ಗಂಡಪೆಂಡೇರವನ್ನು ತೊಡಿಸಿದನೆಂಬ ಪ್ರತೀತಿಯೂ ಈ ಮಾತನ್ನೇ ಹೇಳುತ್ತದೆ. ಕುಮಾರವ್ಯಾಸನು ಬಿಟ್ಟಲ್ಲಿಂದ ಭಾರತವನ್ನು ಮುಂದುವರಿಸಿದ ನಮ್ಮ ತಿಮ್ಮಣ್ಣ ಕವಿ ಆ ಕೃತಿಗೆ ಕೃಷ್ಣರಾಯ ಭಾರತವೆಂದೇ ಹೆಸರನ್ನಿಟ್ಟನು.

ರಾಯನು ಸ್ವತಃ ಕವಿ. ಅವನ ತೆಲುಗು ಮಹಾಕಾವ್ಯ ಆಮುಕ್ತಮಾಲ್ಯದ. ಆ ಹೆಸರಿನ ಅರ್ಥವನ್ನು ಒಮ್ಮೆ ನಿಧಾನಿಸಿ ನೋಡಬೇಕು: ತಾನು ಮುಡಿದ ಮಾಲೆಯನ್ನು ದೇವರಿಗೆ ಕೊಟ್ಟವಳು. ಶ್ರೀವಿಲ್ಲಿಪುತ್ತೂರಿನ ವಿಷ್ಣುಚಿತ್ತನು ದಿನವೂ ತನ್ನ ತೋಟದ ಹೂಗಳಿಂದ ಕೈಯಾರೆ ಮಾಲೆಯನ್ನು ಕಟ್ಟಿ ದೇವರಿಗೆ ಒಪ್ಪಿಸುತ್ತಿದ್ದನು. ಸಾಕುಮಗಳು ಗೋದೆಯು ಅದನ್ನು ಗುಟ್ಟಾಗಿ ತಾನು ಮುಡಿದು, ಬಾವಿಯ ನೀರಿನಲ್ಲಿ ತನ್ನ ಚೆಲುವನ್ನು ನೋಡಿಕೊಂಡು, ಮತ್ತೆ ಬುಟ್ಟಿಯಲ್ಲಿ ಇಡುತ್ತಿದ್ದಳು. ತಂದೆಗೆ ಅದು ಅಪಚಾರವಾಗಿ ಕಂಡಿತು. ದೇವರಿಗೋ ಅವಳು ಮುಡಿದ ಮಾಲೆಯೇ ಬೇಕಾಯಿತು. ಕಳಿಂಗದ ದಂಡಯಾತ್ರೆಯ ನಡುವೆ ಶ್ರೀಕಾಕುಳದ ಆಂಧ್ರವಿಷ್ಣುವು ಕನಸಿನಲ್ಲಿ ಬಂದು ಈ ಕಥೆಯನ್ನು ಬರೆಯಲು ಅಪ್ಪಣೆ ಮಾಡಿದನೆಂದು ರಾಯನು ಹೇಳಿಕೊಂಡಿದ್ದಾನೆ. ನೂರು ಪುರಾಣಗಳಿದ್ದರೂ ಅಲಂಕಾರದ ಈ ಕಥೆಯೇ ಅವನ ಮನಸ್ಸನ್ನು ಹಿಡಿಯಿತು. ತನ್ನನ್ನು ಸಿಂಗರಿಸಿಕೊಳ್ಳುವುದೂ ದೇವರನ್ನು ಸಿಂಗರಿಸುವುದೂ ಒಂದೇ ಪ್ರೀತಿಯ ಎರಡು ಕೆಲಸಗಳೆಂದು ಗೋದೆಗೆ ತಿಳಿದಿದ್ದುದು ರಾಯನಿಗೂ ತಿಳಿದಿತ್ತೆಂದು ಅವನ ತಿರುಪತಿಯ ಕಾಣಿಕೆಗಳನ್ನು ಓದಿದವರಿಗೆ ಅನ್ನಿಸದೆ ಇರದು.

ತಿರುಮಲೆಗೆ ಅವನು ಏಳು ಬಾರಿ ಹೋಗಿದ್ದನು. 1513ರ ಫೆಬ್ರವರಿಯ ಮೊದಲನೆಯ ಭೇಟಿಯಲ್ಲಿ ವೆಂಕಟೇಶನಿಗೆ ನವರತ್ನದ ಕಿರೀಟವನ್ನು ಒಪ್ಪಿಸಿದನು; ರಾಣಿಯರು ಹಾಲಿಗಾಗಿ ಚಿನ್ನದ ಬಟ್ಟಲುಗಳನ್ನು ಕೊಟ್ಟರು. ಕಿರೀಟವು ದೇವರಿಗೆ ಸಲ್ಲುವ ಆಭರಣ, ಇದರಲ್ಲಿ ಆಶ್ಚರ್ಯವೇನಿಲ್ಲ. 1521ರ ಭೇಟಿಯ ಕಾಣಿಕೆಗಳ ಪಟ್ಟಿಯನ್ನು ಶಾಸನದಲ್ಲಿ ನೋಡಿದಾಗ ನಾನು ಬೆರಗಾದೆ. ರತ್ನಖಚಿತವಾದ ಪೀತಾಂಬರದ ಜೊತೆಗೆ ಅಲ್ಲಿ ಮುತ್ತು ಮಾಣಿಕ್ಯಗಳನ್ನು ಕೂಡಿಸಿದ ಒಂದು ಕುಲಾವಿಯಿದೆ. ಪಾರಸಿಕರ ತಲೆಯಿಂದ ಹೊರಟು, ಸುಲ್ತಾನರ ಓಲಗಗಳನ್ನು ಹಾದು, ವಿಜಯನಗರದ ದರ್ಜಿಯ ಸೂಜಿಯ ಕೆಳಗೆ ಬಂದು, ರಾಯನ ನಿತ್ಯದ ಗುರುತಾದ ಟೊಪ್ಪಿಗೆಯು ಏಳು ಬೆಟ್ಟಗಳ ಒಡೆಯನ ಶಿರಸ್ಸಿಗೆ ಸಲ್ಲುವ ಕಾಣಿಕೆಯಾಯಿತು. ಅವಮಾನವೆಂದು ಬಗೆದ ಆ ಹಿರಿಯರಿಗೆ ಮುಂದೊಮ್ಮೆ ಈ ಶಾಸನದ ಸಂಗತಿಯನ್ನು ತಿಳಿಸಿದೆ. ಬಹಳ ಹೊತ್ತು ಸುಮ್ಮನಿದ್ದು, ಆ ಪುಸ್ತಕವನ್ನು ಓದಲು ತೆಗೆದುಕೊಂಡು ಹೋದರು.

ರಾಯನ ಕೊನೆಯ ವರ್ಷಗಳು ಸುಖದವಲ್ಲ. ತಿರುಮಲದೇವಿಯ ಮಗ ತಿರುಮಲನನ್ನು ಎಳೆಯ ವಯಸ್ಸಿನಲ್ಲೇ 1524ರಲ್ಲಿ ಪಟ್ಟಕ್ಕೆ ಕೂರಿಸಿದನು. ಆ ಹುಡುಗನು ಬೇಗನೆ ತೀರಿಕೊಂಡನು. ವಿಷ ಹಾಕಿಸಿದವರು ತಿಮ್ಮರಸನ ಮನೆಯವರೆಂಬ ಮಾತು ಹುಟ್ಟಿತು. ನ್ಯೂನಿಜನು ಹೇಳುವಂತೆ, ಯಾರು ತನ್ನ ಕಣ್ಣುಗಳನ್ನು ಉಳಿಸಿದ್ದನೋ ಆ ಮುದುಕನ ಕಣ್ಣುಗಳನ್ನೇ ರಾಯನು ಕೀಳಿಸಿದನು. ಇದನ್ನು ಬರೆಯುವಾಗ ಯಾರ ಕೈಯಾದರೂ ನಡುಗುತ್ತದೆ. ಹಸನ್ಮುಖಿಯ ತಟಕ್ಕನೆ ಏಳುವ ಸಿಟ್ಟನ್ನು ಪೇಸ್ ಮೊದಲೇ ಕಂಡಿದ್ದನು. ಬಿಳಿಯ ಅಂಗಿಯ ಮೇಲೆ ಈ ಕಲೆ ಉಳಿದಿದೆ. 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮಹಾ ನರಸಿಂಹಮೂರ್ತಿಯ ಪ್ರತಿಷ್ಠೆಯನ್ನು ಮಾಡಿಸಿದನು, ಮರುವರ್ಷ ಕಣ್ಮುಚ್ಚಿದನು. ಅವನು ಕಟ್ಟಿಸಿದ ಕೊನೆಯ ದೊಡ್ಡ ಕೃತಿ ದುಂಡನೆಯ ಕಣ್ಣುಗಳನ್ನು ತೆರೆದು ಕುಳಿತ ಆ ಉಗ್ರರೂಪ.

ಸಿಂಹಾಸನವು ತಮ್ಮ ಅಚ್ಯುತನಿಗೆ ಬಂತು. ಅಚ್ಯುತನ ಕಾಲದಲ್ಲಿ ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯಲ್ಲಿ ಚಿತ್ರಗಾರರು ಬಿಡಿಸಿದ ಅಧಿಕಾರಿಗಳ ಸಾಲುಗಳನ್ನು ನೋಡಿದರೆ ರಾಯನ ಆಸ್ಥಾನವೇ ಎದ್ದು ಬಂದಂತಿದೆ: ಬಿಳಿಯ ತೆಳು ಕಬಾಯಿಗಳು, ಎತ್ತರದ ಕುಲಾವಿಗಳು, ಹೆಂಗಸರ ಸೀರೆಗಳ ಮೇಲೆ ಒಂದರಂತೆ ಇನ್ನೊಂದಿಲ್ಲದ ನೂರು ಬಗೆಯ ಹೂ ಬಳ್ಳಿಗಳು. ಇಂದಿನ ಸೀರೆಗಳ ಅಂಚಿಗೆ ಆ ಬಳ್ಳಿಗಳನ್ನು ನೇಕಾರರು ಇಳಿಸಿಕೊಂಡಿರುವುದೂ ಉಂಟು.

ಅರಸನು ಒಮ್ಮೆ ಉಟ್ಟದ್ದನ್ನು ಮತ್ತೆ ಉಡುವುದಿಲ್ಲವೆಂದೂ, ಬಿಚ್ಚಿದ ಬಟ್ಟೆಯನ್ನು ಅದಕ್ಕೆಂದೇ ನೇಮಿಸಿದ ಅಧಿಕಾರಿಗಳು ತೆಗೆದುಕೊಂಡು ಲೆಕ್ಕವಿಡುತ್ತಾರೆಂದೂ, ಅವನ್ನು ಯಾರಿಗೂ ಕೊಡುವಂತಿಲ್ಲವೆಂದೂ ಅಚ್ಯುತನ ಆಸ್ಥಾನವನ್ನು ಕಂಡ ನ್ಯೂನಿಜ್ ಬರೆದಿದ್ದಾನೆ. ತಲೆಯಿಂದ ತೆಗೆದ ಟೊಪ್ಪಿಗೆಗೂ ಇದೇ ನಿಯಮ. ಹಾಗಾದರೆ ರಾಯನ ಅಂಗಿಗಳೂ ಟೊಪ್ಪಿಗೆಗಳೂ ಆ ಉಗ್ರಾಣದಲ್ಲಿ ಸಾಲಾಗಿ ಮಡಿಸಿಟ್ಟಿದ್ದಿರಬೇಕು. 1565ರಲ್ಲಿ ಸೋಲಿನ ಸುದ್ದಿ ಬಂದು ಅರಸುಮನೆತನದವರು ಆನೆಗಳ ಮೇಲೆ ಹೊನ್ನು ರತ್ನಗಳನ್ನು ಹೇರಿಕೊಂಡು ಪೆನುಗೊಂಡೆಗೆ ಓಡಿದಾಗ ಮಡಿಸಿಟ್ಟ ಬಟ್ಟೆಯನ್ನು ಯಾರು ನೆನೆದಾರು? ಅರಮನೆಗಳ ಕಲ್ಲಿನ ಜಗತಿಗಳು ಉಳಿದವು. ಮರ, ಬಟ್ಟೆ, ಚರ್ಮಗಳಲ್ಲಿ ಇದ್ದದ್ದೆಲ್ಲವೂ ಬೆಂಕಿಗೆ ಹೋಯಿತು. ಬಂಗಾರದ ಗುಲಾಬಿಯ ಒಂದು ಎಳೆಯೂ ನಮಗೆ ದಕ್ಕಲಿಲ್ಲ.

ಉಳಿದಿರುವುದು ತಿರುಮಲೆಯ ಮಹಾದ್ವಾರವನ್ನು ದಾಟಿದೊಡನೆ ಮಂಟಪದಲ್ಲಿ ನಿಂತಿರುವ ತಾಮ್ರದ ಪ್ರತಿಮೆ. ಇಬ್ಬರು ರಾಣಿಯರ ನಡುವೆ ರಾಯನು ಕೈಮುಗಿದು ನಿಂತಿದ್ದಾನೆ. ದೇವರ ಎದುರಿನಲ್ಲಿ ಕಬಾಯಿ ಇಲ್ಲ. ಹಳೆಯ ಅರಸರಂತೆ ಬರಿಯ ಎದೆ, ಸೊಂಟಕ್ಕೆ ಧೋತ್ರ. ಟೊಪ್ಪಿಗೆಯನ್ನು ಮಾತ್ರ ಅವನು ತೆಗೆದಿಲ್ಲ. ಎರಕದವನು ಆ ಧೋತ್ರದ ಮೇಲಿನ ಹೂವಿನ ಕೆಲಸವನ್ನೂ ಸೀರೆಗಳ ಮೇಲಿನ ಕೆಲಸವನ್ನೂ ಒಂದೊಂದಾಗಿ ಲೋಹದಲ್ಲಿ ಕೊರೆದಿದ್ದಾನೆ. ದರ್ಶನದ ಸಾಲು ಅಲ್ಲಿ ಹೆಚ್ಚು ಹೊತ್ತು ನಿಲ್ಲಗೊಡುವುದಿಲ್ಲ. ಹಿಂದಿನವರು ತಳ್ಳುತ್ತಾರೆ, ಮು೦ದಿನವರು ಆಗಲೇ ಗೋವಿಂದನನ್ನು ಕೂಗುತ್ತಿರುತ್ತಾರೆ. ನಾನು ಎರಡು ಸಲ ಹೋಗಿ ಎರಡು ಸಲವೂ ಎಣಿಸಲು ತೊಡಗಿ, ಧೋತ್ರದ ನೆರಿಗೆಯ ಮೂರನೆಯ ಸಾಲಿನ ಹೂವುಗಳವರೆಗೆ ಮಾತ್ರ ಬಂದಿದ್ದೇನೆ.